ಮೂಡಿಗೆರೆಯ ಹತ್ತು ಗಂಟೆ, ಹ್ಯಾಂಬರ್ಗಿನ ಹತ್ತು ಗಂಟೆ

ಗಡಿಯಾರದ ಸದ್ದು ಎಲ್ಲೆಡೆಯೂ ಒಂದೇ. ಅದು ತೋರಿಸುವ ಗಂಟೆ ಮಾತ್ರ ದೇಶದೇಶಕ್ಕೆ ಬೇರೆ. ಈ ಸಂಗತಿಯನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಳೆಗಾರರಷ್ಟು ಚೆನ್ನಾಗಿ ಅರಿತವರು ವಿರಳ.

ಒಂದು ಕಾಲಕ್ಕೆ ಅವರಿಗೆ ಇದರ ಗೊಡವೆಯೇ ಇರಲಿಲ್ಲ. 1940ರ ದಶಕದಿಂದ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಿ, ಅದು ಮಾರಿ ಕೊಡುವ ಹಣಕ್ಕಾಗಿ ಕಾಯುತ್ತಿದ್ದರು. 1990ರ ದಶಕದಲ್ಲಿ ಈ ಕಟ್ಟುಪಾಡು ಹಂತಹಂತವಾಗಿ ಸಡಿಲಗೊಂಡಿತು. 1996ರಲ್ಲಿ ಬೆಳೆಗಾರನು ತನ್ನ ಫಸಲನ್ನು ಬೇಕಾದವರಿಗೆ ಮಾರಲು ಸ್ವತಂತ್ರನಾದನು. ಆ ಸ್ವಾತಂತ್ರ್ಯದ ಬೆನ್ನಿಗೇ ಪರದೇಶದ ಗಡಿಯಾರಗಳೂ ತೋಟದ ಮನೆಯನ್ನು ಹೊಕ್ಕವು. ರೊಬಸ್ಟಾದ ಧಾರಣೆಗೆ ಲಂಡನ್ನಿನ ವಾಯಿದಾ ಪೇಟೆಯೂ, ಅರೇಬಿಕಾದ ಧಾರಣೆಗೆ ನ್ಯೂಯಾರ್ಕಿನ ಪೇಟೆಯೂ ಅಳತೆಗೋಲು. ನಮ್ಮಲ್ಲಿ ರಾತ್ರಿಯೂಟಕ್ಕೆ ಎಲೆ ಹಾಕುವ ಹೊತ್ತಿನಲ್ಲಿ ಅಲ್ಲಿ ವ್ಯಾಪಾರ ಭರದಿಂದ ಸಾಗಿರುತ್ತದೆ.

ಭಾರತದ ಗಂಟೆ ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದಿದೆ, ವರ್ಷವಿಡೀ ಬದಲಾಗುವುದಿಲ್ಲ. ಲಂಡನ್ನಿನವರಾದರೋ ಮಾರ್ಚಿಯ ಕೊನೆಯ ಭಾನುವಾರ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದಕ್ಕೆ ತರುತ್ತಾರೆ. ನ್ಯೂಯಾರ್ಕಿನಲ್ಲಿ ಮುಂದಕ್ಕೆ ತಳ್ಳುವುದು ಮಾರ್ಚಿಯ ಎರಡನೆಯ ಭಾನುವಾರ, ಹಿಂದಕ್ಕೆ ತರುವುದು ನವೆಂಬರಿನ ಮೊದಲನೆಯ ಭಾನುವಾರ. ಮಲೆನಾಡಿನಲ್ಲಿ ಹಣ್ಣು ಕೆಂಪೇರಿ ಕುಯ್ಲಿನ ಸಿದ್ಧತೆ ನಡೆಯುವ, ಹೊಸ ಫಸಲಿನ ಮಾತುಕತೆ ಬಿರುಸಾಗುವ ದಿನಗಳೂ ಇವೇ! ಅಕ್ಟೋಬರಿನ ಆರಂಭದಲ್ಲಿ ಲಂಡನ್ನಿನ ಬೆಳಿಗ್ಗೆ 10 ಎಂದರೆ ನಮಗೆ ಮಧ್ಯಾಹ್ನ 2:30. ನವೆಂಬರಿನಲ್ಲಿ ಅದೇ 10 ಎಂದರೆ 3:30.

ಮನೆಯಲ್ಲೇ ಕುಳಿತವನ ತೊಡಕು ಇಷ್ಟಾದರೆ, ವ್ಯಾಪಾರಕ್ಕಾಗಿ ಪ್ರಯಾಣ ಹೊರಟವನದು ಇನ್ನೂ ಹೆಚ್ಚು. ಜನವರಿಯಲ್ಲಿ ಹ್ಯಾಂಬರ್ಗಿನ ವರ್ತಕನೊಬ್ಬನನ್ನು ಬೆಳಿಗ್ಗೆ 10ಕ್ಕೆ ಕಾಣಬೇಕಾಗಿದೆಯೆನ್ನಿ. ಹೊರಡುವ ಮುನ್ನ ಮೂಡಿಗೆರೆಯಲ್ಲಿ ಮೊಬೈಲಿನ ಕ್ಯಾಲೆಂಡರಿನಲ್ಲಿ ಬರಿಯ '10 ಗಂಟೆ' ಎಂದು ಬರೆದರೆ, ಯಂತ್ರವು ಅದನ್ನು ಭಾರತದ ಹತ್ತೆಂದೇ ತಿಳಿಯುವುದುಂಟು. ಹ್ಯಾಂಬರ್ಗಿನಲ್ಲಿ ಇಳಿದ ಮೇಲೆ ಅದು ಬೆಳಗಿನ ಜಾವ 5:30 ಎಂದು ತೋರಿಸುತ್ತದೆ. ಅಷ್ಟು ಬೇಗ ಯಾವ ಕಚೇರಿಯೂ ತೆರೆಯದೆಂದು ಊಹಿಸಿ ಎಚ್ಚೆತ್ತರೆ ಕ್ಷೇಮ. ಆದರೆ ಸಂಜೆ 4ರ ಭೇಟಿ 11:30 ಎಂದು ಕಾಣಿಸಿಕೊಂಡರೆ ಸಂಶಯವೇ ಹುಟ್ಟದು!

ಪರಿಹಾರ ಕಷ್ಟದ್ದಲ್ಲ. ಭೇಟಿಯನ್ನು ಗುರುತು ಹಾಕುವಾಗಲೇ ಅದು ನಡೆಯುವ ಊರಿನ ಕಾಲವಲಯವನ್ನು ಆರಿಸಬೇಕು. ಪತ್ರದಲ್ಲಿ ಗಂಟೆಯ ಪಕ್ಕದಲ್ಲಿ ಊರಿನ ಹೆಸರನ್ನೂ, ತಾರೀಖಿನ ಜೊತೆಗೆ ವಾರವನ್ನೂ ಬರೆಯಬೇಕು; ನ್ಯೂಯಾರ್ಕಿನ ಸೋಮವಾರ ಮಧ್ಯಾಹ್ನವು ನಮ್ಮ ಸೋಮವಾರ ರಾತ್ರಿಯಾದರೆ, ಅಲ್ಲಿನ ಸಂಜೆ ನಮಗೆ ಮಂಗಳವಾರವಾಗಿಬಿಡುತ್ತದೆ. ಮಾರ್ಚಿ, ಅಕ್ಟೋಬರ್, ನವೆಂಬರುಗಳ ಭೇಟಿಗಳನ್ನು ಹಿಂದಿನ ದಿನ ಮತ್ತೊಮ್ಮೆ ಖಚಿತಪಡಿಸಿಕೊಳ್ಳುವುದು ಮೇಲು. ವಿಮಾನದ ಟಿಕೀಟಿನಲ್ಲಿ ಹೊರಡುವ ಗಂಟೆ ಹೊರಡುವ ಊರಿನದು, ತಲುಪುವ ಗಂಟೆ ತಲುಪುವ ಊರಿನದು ಎಂಬುದೂ ನೆನಪಿರಲಿ.

ತಪ್ಪಿದ ಭೇಟಿಯ ಬೆಲೆ ಚಿಕ್ಕದಲ್ಲ. ವರ್ಷಕ್ಕೊಮ್ಮೆ ಕೈಗೆ ಬರುವ ಫಸಲಿನ ಮೇಲೆಯೇ ಬ್ಯಾಂಕಿನ ಸಾಲದ ಕಂತು, ಆಳುಗಳ ಕೂಲಿ, ಮಕ್ಕಳ ಶಾಲೆಯ ಫೀಜು ಎಲ್ಲವೂ ನಿಂತಿವೆ. ಏರಿಳಿಯುವ ಪೇಟೆಯಲ್ಲಿ ಇಂದು ಹೇಳಿದ ದರ ನಾಳೆಗೆ ನಿಲ್ಲುವ ಭರವಸೆಯಿಲ್ಲ.

ಕೊನೆಯದಾಗಿ, ಮನೆಯವರ ಗಂಟೆಯನ್ನೂ ಮರೆಯಬಾರದು. ಚಳಿಗಾಲದ ಹ್ಯಾಂಬರ್ಗಿನಲ್ಲಿ ದಿನದ ಕೆಲಸ ಮುಗಿಸಿ ರಾತ್ರಿ 8ಕ್ಕೆ ಫೋನು ಮಾಡಿದರೆ ಕಳಸದಲ್ಲಿ ನಡುರಾತ್ರಿ ಹನ್ನೆರಡೂವರೆ. ಏನೋ ಅನಾಹುತವಾಯಿತೆಂದು ಮನೆಮಂದಿ ಬೆಚ್ಚಿ ಏಳುವುದಕ್ಕಿಂತ, ಅಲ್ಲಿನ ಮಧ್ಯಾಹ್ನದ ಊಟದ ವಿರಾಮದಲ್ಲಿ ಕ್ಷೇಮಸಮಾಚಾರ ತಿಳಿಸುವುದೇ ಲೇಸಲ್ಲವೇ?