ಗೌಜಲಕ್ಕಿಯನ್ನು ಉಳಿಸಿದ್ದಾಯ್ತು, ಈಗ ಅದಕ್ಕೆ ಜೊತೆ ಯಾರು?

ಕಳೆದ ವರ್ಷ ಮಾರ್ಚಿನ ಒಂದು ಸಂಜೆ ನಮ್ಮ ಬೀದಿಯ ಚರಂಡಿ ಪಕ್ಕದಲ್ಲಿ ಒಂದು ಹಕ್ಕಿ ಕೂತಿತ್ತು. ಮುಷ್ಟಿಗಾತ್ರ, ಒಣಹುಲ್ಲಿನ ಬಣ್ಣ, ಒಂದು ಕಾಲು ಕುಂಟು. ಹಿಂದಿನ ರಸ್ತೆಯ ಮಾಂಸದಂಗಡಿಗೆ ಪಂಜರ ಇಳಿಸುವಾಗ ತಪ್ಪಿಸಿಕೊಂಡಿದ್ದು ಅನ್ನೋದು ಆಮೇಲೆ ಗೊತ್ತಾಯ್ತು. ಅಂಗಡಿಯವರನ್ನು ಕೇಳಿದರೆ, "ಇಟ್ಕೊಳ್ಳಿ ಸಾರ್, ಒಂದು ಹಕ್ಕಿಗೇನು" ಅಂದರು. ಶೂ ಡಬ್ಬಕ್ಕೆ ತೂತು ಮಾಡಿ ಮನೆಗೆ ತಂದೆ. ವಾರದಲ್ಲಿ ಕಾಲು ಸರಿಯಾಯ್ತು. ಒಂದು ಜೀವ ಉಳಿಸಿದೆ ಅಂತ ನನಗೆ ಒಳಗೊಳಗೇ ಹೆಮ್ಮೆ.

ಎರಡನೇ ವಾರದಿಂದ ಅದು ಬೆಳಗಿನ ಜಾವ ನಾಲ್ಕೂವರೆಗೆ ಕೂಗೋಕೆ ಶುರು ಮಾಡಿತು. ಸಣ್ಣ ಹಕ್ಕಿಯ ಗಂಟಲಿಂದ ಬರೋ ಸದ್ದೇ ಅಲ್ಲ ಅದು. ತುಕ್ಕು ಹಿಡಿದ ಗೇಟು ಎಳೆದ ಹಾಗೆ, ಕರ್ಕಶವಾಗಿ, ಮತ್ತೆ ಮತ್ತೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ದೂರು ಬಂತು. ಕೆಳಗಿನ ಮನೆಯ ಆಂಟಿ ಮಾತ್ರ ಮೆಟ್ಟಿಲಲ್ಲಿ ಸಿಕ್ಕಾಗ ಬೇರೆ ಮಾತು ಹೇಳಿದರು: "ಅದು ಯಾರನ್ನೋ ಕರೀತಿದೆ ಕಣಪ್ಪ."

ಆಂಟಿ ಹೇಳಿದ್ದು ಸರಿ ಇತ್ತು. ಗಂಡು ಗೌಜಲಕ್ಕಿ ಹೆಣ್ಣಿನಿಂದ ಬೇರೆಯಾದಾಗ ಹೆಚ್ಚು ಕೂಗುತ್ತದೆ. ನಾನು ಕಾಳು, ನೀರು, ಬೆಚ್ಚಗಿನ ಜಾಗ ಎಲ್ಲಾ ಕೊಟ್ಟಿದ್ದೆ. ಗುಂಪಿನಲ್ಲಿ ಬದುಕೋ ಪ್ರಾಣಿಯನ್ನು ಒಂಟಿ ಮಾಡಿದ್ದೇನೆ ಅನ್ನೋದು ಮಾತ್ರ ಹೊಳೆದಿರಲಿಲ್ಲ. ಹಾಗಾದರೆ ಜೊತೆ ತಂದರಾಯ್ತು, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಅದು ಅಷ್ಟು ಸುಲಭ ಅಲ್ಲ.

ಮೊದಲ ಪ್ರಶ್ನೆ: ಇದು ಕಾಡಿನದ್ದಾ, ಫಾರ್ಮಿನದ್ದಾ?

ಗೌಜಲಕ್ಕಿ, ಲಾವಕ್ಕಿ, ಕಾಡೆ, ಬುರ್ಲಿ ಅಂತ ಒಂದೊಂದು ಕಡೆ ಒಂದೊಂದು ಹೆಸರು. ಒಂದೇ ಹೆಸರನ್ನು ಬೇರೆ ಬೇರೆ ಹಕ್ಕಿಗೆ ಬಳಸುವುದೂ ಉಂಟು. ಕಾನೂನಿಗೆ ಬೇಕಿರುವುದು ಹೆಸರಲ್ಲ, ಜಾತಿ. ಅಂಗಡಿಗಳಲ್ಲಿ ಸಿಗುವುದು ಜಪಾನೀಸ್ ಕ್ವೇಲ್. ಇದು 1974ರಲ್ಲಿ ಸಾಕಣೆಗೆಂದು ಭಾರತಕ್ಕೆ ಬಂತು, ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿ ಇದರ ತಳಿ ಅಭಿವೃದ್ಧಿ ನಡೆಯಿತು. ಇದೂ ವನ್ಯಜೀವಿಯೇ ಎಂದು 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊಸ ಲೈಸೆನ್ಸ್‌ಗಳಿಗೆ ತಡೆ ಹಾಕಿತ್ತು. 2013ರ ಕೊನೆಗೆ ಇದನ್ನು ವನ್ಯಜೀವಿ ಪಟ್ಟಿಯಿಂದ ಹೊರಗಿಟ್ಟಿತು. ಹಾಗಾಗಿ ಇದನ್ನು ಮನೆಯಲ್ಲಿ ಸಾಕಬಹುದು.

ನಮ್ಮ ಹೊಲ, ಕುರುಚಲು ಕಾಡುಗಳಲ್ಲಿ ಓಡಾಡುವ ಕಾಡು ಗೌಜಲಕ್ಕಿಗಳ ವಿಷಯ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವನ್ನು ಹಿಡಿಯುವುದೂ ತಪ್ಪು, ಸಾಕುವುದೂ ತಪ್ಪು. ಹೊಲದಲ್ಲಿ ಗಾಯಗೊಂಡು ಸಿಕ್ಕಿದರೆ, ಚಳಿಗಾಲದಲ್ಲಿ ಕಟ್ಟಡಕ್ಕೆ ಬಡಿದು ಬಿದ್ದಿದ್ದರೆ, ಅದು ಕಾಡಿನದ್ದೇ ಅಂತ ತಿಳಿದು ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಣಾ ಕೇಂದ್ರಕ್ಕೋ ತಿಳಿಸಿ. ಮಾರುಕಟ್ಟೆ ಹತ್ತಿರ ಸಿಕ್ಕಿದ್ದು, ಕೊಕ್ಕಿನ ತುದಿ ಕತ್ತರಿಸಿದ್ದು, ಬಿಳಿ ಅಥವಾ ಹೊಂಬಣ್ಣದ್ದು ಆದರೆ ಫಾರ್ಮಿನದ್ದು. ಅನುಮಾನ ಇದ್ದರೆ ಫೋಟೋ ತೆಗೆದು ಪಶುವೈದ್ಯರಿಗೆ ತೋರಿಸಿ.

ಫಾರ್ಮಿನ ಹಕ್ಕಿಯನ್ನು "ಸ್ವತಂತ್ರವಾಗಿರಲಿ" ಅಂತ ಕೆರೆ ಪಕ್ಕ ಬಿಟ್ಟು ಬರುವುದು ಬೇಡ. ತಲೆಮಾರುಗಳಿಂದ ಪಂಜರದಲ್ಲೇ ಬೆಳೆದ ಅದಕ್ಕೆ ಮೇವು ಹುಡುಕುವುದೂ ತಿಳಿಯದು, ಬೆಕ್ಕಿನಿಂದ ತಪ್ಪಿಸಿಕೊಳ್ಳುವುದೂ ತಿಳಿಯದು.

ಮನೆ ಮತ್ತು ಊಟ

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಮೊದಲು ಅಳತೆಗೆ ಇಳಿದೆ. ಗೌಜಲಕ್ಕಿ ಬೆದರಿದರೆ ಓಡುವುದಿಲ್ಲ, ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಪಂಜರದ ಚಾವಣಿ ಎರಡು ಮೂರು ಅಡಿ ಎತ್ತರದಲ್ಲಿದ್ದರೆ ಆ ವೇಗಕ್ಕೆ ತಲೆ ಒಡೆಯುತ್ತದೆ. ಚಾವಣಿ ಒಂದಡಿ ಒಳಗಿರಬೇಕು, ಇಲ್ಲವೇ ಆಳೆತ್ತರಕ್ಕಿಂತ ಮೇಲಿರಬೇಕು. ನಾನು ಒಂದಡಿ ಇಟ್ಟು, ಒಳಗಡೆ ಹಳೆ ಬಟ್ಟೆ ಬಿಗಿದೆ. ಒಂದು ಹಕ್ಕಿಗೆ ಕನಿಷ್ಠ ಒಂದು ಚದರಡಿ ನೆಲ ಬೇಕು, ಹೆಚ್ಚಿದ್ದಷ್ಟೂ ಜಗಳ ಕಮ್ಮಿ. ಬರಿ ತಂತಿಯ ನೆಲ ಪಾದಕ್ಕೆ ಹುಣ್ಣು ಮಾಡುತ್ತದೆ, ಅದರ ಬದಲು ಭತ್ತದ ಹೊಟ್ಟು ಹರಡಿ. ಒಂದು ತಟ್ಟೆಯಲ್ಲಿ ಒಣ ಮರಳು ಇಡಿ. ಅದರಲ್ಲಿ ಹೊರಳಾಡುವುದೇ ಇದರ ಸ್ನಾನ. ಇಲಿ ನುಗ್ಗದಂತೆ ಅರ್ಧ ಇಂಚಿನ ಜಾಲರಿ ಹಾಕಿ.

ಅಕ್ಕಿ, ರಾಗಿ ಹಾಕಿದರೆ ಸಾಲದು. ಇದಕ್ಕೆ ನಾಟಿಕೋಳಿಗಿಂತ ಹೆಚ್ಚು ಪ್ರೋಟೀನ್ ಬೇಕು. ಬೆಳೆದ ಹಕ್ಕಿಗೆ ಮೇವಿನಲ್ಲಿ ಶೇ. 20ರಷ್ಟು, ಮರಿಗೆ ಇನ್ನೂ ಹೆಚ್ಚು. ಕೋಳಿಗೆ ಕೊಡುವ ಲೇಯರ್ ಮೇವಿನಲ್ಲಿ ಸಾಮಾನ್ಯವಾಗಿ ಶೇ. 16ರಿಂದ 18 ಇರುತ್ತದೆ. ಕ್ವೇಲ್ ಮೇವು ಸಿಗದಿದ್ದರೆ ಬ್ರಾಯ್ಲರ್ ಸ್ಟಾರ್ಟರ್ ಹತ್ತಿರದ ಬದಲಿ. ಮೊಟ್ಟೆ ಇಡುವ ಹೆಣ್ಣಿಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಬೇಕು. ಸೊಪ್ಪು ಸ್ವಲ್ಪ ಹಾಕಬಹುದು. ನಮ್ಮದಕ್ಕೆ ನುಗ್ಗೆ ಸೊಪ್ಪು ಅಂದರೆ ಪ್ರಾಣ.

ಜೊತೆಯ ಲೆಕ್ಕ

ಇಲ್ಲಿ ನಾನು ಮಾಡಿದ ತಪ್ಪು ಹೇಳಲೇಬೇಕು. ಅದೇ ಅಂಗಡಿಗೆ ಹೋಗಿ ಇನ್ನೊಂದು ಹಕ್ಕಿ ಕೊಂಡು ತಂದೆ. "ಹೆಣ್ಣೇ ಸಾರ್" ಅಂದರು, ನಂಬಿದೆ. ಸೀದಾ ಪಂಜರದೊಳಗೆ ಬಿಟ್ಟೆ. ಹತ್ತು ನಿಮಿಷಕ್ಕೆ ಹೊಸ ಹಕ್ಕಿಯ ತಲೆಯ ಗರಿ ಕಿತ್ತು, ರಕ್ತ ಬಂದಿತ್ತು. ಅದೂ ಗಂಡು.

ಗುರುತಿಸೋದು ಕಷ್ಟವೇನಿರಲಿಲ್ಲ, ನಾನು ನೋಡಿರಲಿಲ್ಲ ಅಷ್ಟೇ. ಮಾಮೂಲಿ ಕಂದು ಬಣ್ಣದ ತಳಿಯಲ್ಲಿ ಮೂರ್ನಾಲ್ಕು ವಾರ ಕಳೆದರೆ ಗಂಡಿನ ಎದೆ ಚುಕ್ಕೆ ಇಲ್ಲದೆ ಇಟ್ಟಿಗೆಗೆಂಪು, ಹೆಣ್ಣಿನ ಎದೆ ಮಾಸಲು ಬಣ್ಣದ ಮೇಲೆ ಕಪ್ಪು ಚುಕ್ಕೆ. ಹೆಣ್ಣೇ ಗಾತ್ರದಲ್ಲಿ ದೊಡ್ಡದು. ಪ್ರಾಯಕ್ಕೆ ಬಂದ ಗಂಡಿನ ಬಾಲದಡಿ ಒಂದು ಉಬ್ಬಿದ ಗ್ರಂಥಿ ಇರುತ್ತದೆ, ಒತ್ತಿದರೆ ಬಿಳಿ ನೊರೆ ಬರುತ್ತದೆ. ಬಿಳಿ ಹಕ್ಕಿಗಳಲ್ಲಿ ಎದೆ ನೋಡಿ ಹೇಳಲಾಗದು, ಆಗ ಈ ಗುರುತೇ ಗತಿ.

ಎರಡನ್ನೂ ಬೇರೆ ಮಾಡಿದೆ. ಈಗ ಮನೆಯಲ್ಲಿ ಒಂಟಿ ಹಕ್ಕಿ ಒಂದಲ್ಲ, ಎರಡು.

ಆಮೇಲೆ ಕಲಿತದ್ದು ಇಷ್ಟು. ಹೆಣ್ಣುಗಳೆದುರು ಎರಡು ಗಂಡು ಒಂದೇ ಪಂಜರದಲ್ಲಿ ಕಾದಾಡದೆ ಇರುವುದು ಅಪರೂಪ. ಒಂದು ಗಂಡಿಗೆ ಒಂದೇ ಹೆಣ್ಣು ತಂದರೆ ಅದರ ಗೋಳು ಬೇಡ, ಗಂಡು ಮತ್ತೆ ಮತ್ತೆ ಮೇಲೇರಿ ಬೆನ್ನು, ಕತ್ತಿನ ಗರಿ ಕಿತ್ತುಹಾಕುತ್ತದೆ. ಒಂದು ಗಂಡಿಗೆ ಮೂರರಿಂದ ಐದು ಹೆಣ್ಣು ಬೇಕು. ನಿಮಗೆ ಸಿಕ್ಕಿದ್ದು ಹೆಣ್ಣಾದರೆ ಗಂಡೇ ಬೇಕಿಲ್ಲ, ಇನ್ನೆರಡು ಮೂರು ಹೆಣ್ಣು ಸಾಕು. ವಯಸ್ಸು, ಗಾತ್ರ ಹತ್ತಿರ ಇರಲಿ.

"ಕೋಳಿ ಜೊತೆ ಬಿಡಿ" ಅನ್ನುವವರು ಸಿಗುತ್ತಾರೆ. ಬೇಡ. ಕೋಳಿ ತಾನು ಆರೋಗ್ಯವಾಗಿ ಕಾಣುತ್ತಲೇ ಗೌಜಲಕ್ಕಿಗೆ ಮಾರಕವಾಗುವ ಕಾಯಿಲೆ ಹೊತ್ತಿರಬಹುದು. ಒಂದು ಕುಕ್ಕಿಗೆ ಕಣ್ಣೂ ಹೋಗಬಹುದು. ಲವ್‌ಬರ್ಡ್ಸ್ ಮೇಲೆ ಕೂತು ಹಿಕ್ಕೆ ಹಾಕುತ್ತವೆ, ಇವು ನೆಲದಲ್ಲಿ ಅದನ್ನೇ ಕೆದಕುತ್ತವೆ. ಗೌಜಲಕ್ಕಿಗೆ ಗೌಜಲಕ್ಕಿಯೇ ಜೊತೆ.

ಸೇರಿಸುವುದಕ್ಕೂ ಒಂದು ಕ್ರಮ ಇದೆ. ಹೊಸ ಹಕ್ಕಿಗಳನ್ನು ಮೂರ್ನಾಲ್ಕು ವಾರ ಬೇರೆ ಕೋಣೆಯಲ್ಲಿಡಿ. ಸೀನು, ಹಿಕ್ಕೆಯ ಬಣ್ಣ, ತೂಕ ಗಮನಿಸಿ. ಅಷ್ಟು ದಿನ ದನಿಯಾದರೂ ಕೇಳುತ್ತಿರುತ್ತದೆ. ಆಮೇಲೆ ಒಂದು ವಾರ ನಡುವೆ ಜಾಲರಿ ಇಟ್ಟು ನೋಡುವುದಕ್ಕೆ ಬಿಡಿ. ಕೊನೆಗೆ ಎಲ್ಲವನ್ನೂ ಒಟ್ಟಿಗೇ, ಯಾರಿಗೂ ಸ್ವಂತ ಅಲ್ಲದ ಹೊಸ ಜಾಗಕ್ಕೆ ಬಿಡಿ. ಅವಿತುಕೊಳ್ಳಲು ರಟ್ಟಿನ ಡಬ್ಬ, ಎರಡು ಕಡೆ ಮೇವು ಇರಲಿ. ಒಂದು ರಜಾದಿನ ಪೂರ್ತಿ ಪಕ್ಕದಲ್ಲೇ ಕೂತಿರಿ. ಸಣ್ಣಪುಟ್ಟ ಕುಕ್ಕಾಟ ಮಾಮೂಲಿ. ಒಂದನ್ನೇ ಅಟ್ಟಿಸಿಕೊಂಡು ಹೋಗುತ್ತಿದ್ದರೆ, ರಕ್ತ ಕಂಡರೆ, ತಕ್ಷಣ ಬೇರೆ ಮಾಡಿ. ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಿರಿ. ಹಕ್ಕಿಜ್ವರದ ಸುದ್ದಿ ಇದ್ದಾಗ ಹೊಸ ಹಕ್ಕಿ ತರಲೇಬೇಡಿ.

ಹೆಣ್ಣು ಹಕ್ಕಿ ಎಲ್ಲಿಂದ?

ನನಗೆ ಇವತ್ತಿಗೂ ಕಸಿವಿಸಿ ಆಗುವುದು ಇಲ್ಲೇ. ಜೊತೆ ಬೇಕು ಅಂದರೆ ಯಾವ ವ್ಯಾಪಾರದಿಂದ ಇದನ್ನು "ಉಳಿಸಿದೆ"ನೋ ಅದಕ್ಕೇ ದುಡ್ಡು ಕೊಡಬೇಕು. ಅಂಗಡಿಯಲ್ಲಿ ನಾನು ಒಂದು ಕೊಂಡರೆ ಮರುದಿನ ಪಂಜರದಲ್ಲಿ ಇನ್ನೊಂದು ಬರುತ್ತದೆ. ಅದನ್ನು ರಕ್ಷಣೆ ಅನ್ನೋಕಾಗಲ್ಲ, ಖರೀದಿ ಅನ್ನಬೇಕು.

ಗೆಳೆಯನೊಬ್ಬ ತುಮಕೂರು ಕಡೆ ಮೊಟ್ಟೆಗಾಗಿ ಕ್ವೇಲ್ ಸಾಕುವ ರೈತರ ಪರಿಚಯ ಮಾಡಿಸಿದ. ಆರೇಳು ವಾರಕ್ಕೆ ಮೊಟ್ಟೆ ಶುರು ಮಾಡುವ ಈ ಹಕ್ಕಿ ಹೆಚ್ಚುಕಮ್ಮಿ ದಿನಕ್ಕೊಂದು ಇಡುತ್ತದೆ. "ವರ್ಷ ಆದಮೇಲೆ ಮೊಟ್ಟೆ ಕಮ್ಮಿ ಆಗುತ್ತೆ ಸಾರ್, ನಾವು ಇಟ್ಕೊಳ್ಳಲ್ಲ" ಅಂದರು. ಅಂಥ ಮೂರು ಹೆಣ್ಣು ಕೇಳಿದೆ. ದುಡ್ಡು ತಗೊಂಡೇ ಕೊಟ್ಟರು, ಅದು ಅವರ ಕಸುಬು. ನನ್ನ ಎರಡನೇ ಗಂಡನ್ನು ತಾವೇ ಇಟ್ಟುಕೊಂಡು ಮರಿ ಮಾಡಿಸುವ ಗುಂಪಿಗೆ ಸೇರಿಸುತ್ತೇವೆ ಅಂದರು. ಆಮೇಲೆ ಅದು ಏನಾಯಿತು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಹಾಗಾಗಿ ನನ್ನ ಸಲಹೆ: ಮೊದಲು ನಿಮ್ಮಂತೆಯೇ ಒಂಟಿ ಹಕ್ಕಿ ಇಟ್ಟುಕೊಂಡವರು ಇದ್ದಾರಾ ಅಂತ ಊರಿನ ಪ್ರಾಣಿದಯಾ ಸಂಘಟನೆಗಳಲ್ಲಿ, ಪಶುವೈದ್ಯರಲ್ಲಿ ವಿಚಾರಿಸಿ. ಈಗಾಗಲೇ ಚೆನ್ನಾಗಿ ಸಾಕುತ್ತಿರುವವರ ಗುಂಪಿಗೆ ನಿಮ್ಮದನ್ನು ಕೊಡುವುದಾದರೆ ಅದು ಸೋಲಲ್ಲ, ಹಲವು ಸಲ ಅದೇ ಒಳ್ಳೆಯ ದಾರಿ. ಯಾವುದೂ ಆಗದಿದ್ದರೆ ಮಾತ್ರ ಕೊಳ್ಳಿ, ಫಾರ್ಮು ಬೇಡ ಅಂದ ಹಳೆಯ ಹೆಣ್ಣುಗಳನ್ನು.

ಇನ್ನೊಂದು ಲೆಕ್ಕ ಇದೆ. ಈ ಹಕ್ಕಿಗಳ ಆಯಸ್ಸು ಸಾಮಾನ್ಯವಾಗಿ ಎರಡು ಮೂರು ವರ್ಷ. ಒಂದೊಂದಾಗಿ ಹೋಗುತ್ತವೆ, ಕೊನೆಗೆ ಮತ್ತೆ ಒಂದು ಒಂಟಿಯಾಗುತ್ತದೆ. ಅದಕ್ಕೆ ಜೊತೆ, ಆ ಜೊತೆಗೆ ಇನ್ನೊಂದು ಜೊತೆ ಅಂತ ಹೋದರೆ ನಿಲ್ಲದ ಲೂಪ್. ಪ್ರೋಗ್ರಾಮ್ ಬರೆದವರಿಗೆ ಗೊತ್ತು, ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಬರೆದಿಡಬೇಕು. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಆಸೆಯೂ ಬರುತ್ತದೆ. 17-18 ದಿನಕ್ಕೆ ಮರಿ ಬಂದೇ ಬರುತ್ತದೆ. ಆದರೆ ಅದರಲ್ಲಿ ಅರ್ಧದಷ್ಟು ಗಂಡು, ಅವನ್ನು ಎಲ್ಲಿಡುತ್ತೀರಿ? ನಾವು ಮೊಟ್ಟೆಯನ್ನು ದಿನವೂ ಎತ್ತಿಬಿಡುತ್ತೇವೆ. ಕೆಳಗಿನ ಮನೆಯ ಆಂಟಿಗೆ ವಾರಕ್ಕೊಂದು ಡಜನ್ ಹೋಗುತ್ತದೆ.

ಫೆಬ್ರವರಿಯಲ್ಲಿ ಮೂರರಲ್ಲಿ ಒಂದು ಹೆಣ್ಣು ಸತ್ತಿತು. ಹಿಂದಿನ ದಿನದವರೆಗೂ ಮೊಟ್ಟೆ ಇಡುತ್ತಿತ್ತು. ಇನ್ನೊಂದು ತರಲಿಲ್ಲ. ಎರಡೇ ಹೆಣ್ಣು ಉಳಿದಿದ್ದರಿಂದ ಪಂಜರದ ನಡುವೆ ಒಂದು ಜಾಲರಿ ಹಾಕಿದ್ದೇನೆ, ಗಂಡನ್ನು ದಿನದಲ್ಲಿ ಕೆಲ ಹೊತ್ತು ಆ ಕಡೆ ಇಡುತ್ತೇನೆ. ಕೊನೆಗೆ ಒಂದೇ ಉಳಿದಾಗ ಅದನ್ನು ಯಾರ ಗುಂಪಿಗೆ ಕೊಡಬೇಕು ಅಂತ ಈಗಲೇ ಒಬ್ಬರ ಹತ್ತಿರ ಮಾತಾಡಿಟ್ಟಿದ್ದೇನೆ. ಅಲ್ಲಿ ಅದರ ಮುಂದಿನ ಕತೆ ಏನು ಅಂತಲೂ ಈ ಸಲ ಕೇಳಿದ್ದೇನೆ.

ಗಂಡು ಈಗಲೂ ಕೂಗುತ್ತದೆ, ಆದರೆ ಮೊದಲಿನಷ್ಟಲ್ಲ. ಮೊನ್ನೆ ಮೆಟ್ಟಿಲಲ್ಲಿ ಆಂಟಿ ಕೇಳಿದರು: "ಏನಪ್ಪ, ನಿನ್ನ ಹಕ್ಕಿ ಮಾತು ಕಮ್ಮಿ ಮಾಡಿದೆ, ಹುಷಾರಾಗಿದೆ ತಾನೇ?"