ಬೆಂಕಿಗೊಂದು ದಾರಿ

ಆವಿಗೆ ಕಟ್ಟಬೇಕೆಂದು ಬರುವವರು ಎಷ್ಟು ಇಟ್ಟಿಗೆ ಬೇಕಾದೀತು ಎಂದೇ ಮಾತು ಶುರು ಮಾಡುತ್ತಾರೆ. ಆ ಲೆಕ್ಕ ಕೊನೆಗೆ ತಾನಾಗಿ ಸಿಗುತ್ತದೆ. ಮೊದಲು ಬೇಕಾದದ್ದು ಒಳಗೆ ಮಡಕೆ ಜೋಡಿಸುವ ಹಲಗೆಯ ಅಳತೆ. ನನ್ನ ಹಲಗೆಗಳು 12 ಇಂಚು ಅಗಲ, 24 ಇಂಚು ಉದ್ದ. ಎರಡನ್ನು ಸೇರಿಸಿಟ್ಟರೆ ಎರಡಡಿ ಚೌಕ. ಸುತ್ತಲೂ ಜ್ವಾಲೆ ನುಸುಳಲು ಎರಡು ಮೂರು ಬೆರಳು ಸಂದು, ಒಲೆಯ ಕಡೆಗೆ ಇನ್ನಷ್ಟು ಜಾಗ, ಆಮೇಲೆ ಗೋಡೆ.

ಹಳೆಯ ಆವಿಗೆಯಲ್ಲಿ ಬೆಂಕಿ ಕೆಳಗೆ, ಮಡಕೆ ಮೇಲೆ. ಜ್ವಾಲೆ ನೇರ ಮೇಲೆದ್ದು ಗಾಳಿ ಪಾಲಾಗುತ್ತದೆ. ಅಡಿಯವು ಹೆಚ್ಚು ಬೆಂದರೆ ಮೇಲಿನವು ಅರೆಬೆಂದು ಉಳಿಯುವುದೂ ಉಂಟು. ನಾನು ಕಟ್ಟಿಸಿದ್ದರಲ್ಲಿ ಜ್ವಾಲೆ ಒಂದು ಗಿಡ್ಡ ತಡೆಗೋಡೆ ಹತ್ತಿ, ಕಮಾನಿಗೆ ಬಡಿದು, ಮಡಕೆಗಳ ನಡುವೆ ಇಳಿದು, ನೆಲಮಟ್ಟದ ಕಿಂಡಿಗಳಿಂದ ಚಿಮಣಿ ಸೇರುತ್ತದೆ. ಏರುವುದೇ ಸ್ವಭಾವವಾದ ಬೆಂಕಿಯನ್ನು ಇಳಿಸುವುದು ಯಾರು? ಚಿಮಣಿಯೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಕರಾವಳಿಗೆ ಚಿಮಣಿ ಹೊಸತಲ್ಲ. ಆದರೂ ಅದು ಬರೀ ಹೊಗೆ ಬಿಡಲಿಕ್ಕೆ ಎಂದುಕೊಂಡವರೇ ಹೆಚ್ಚು. ಒಳಗಿನ ಬಿಸಿಗಾಳಿ ಹಗುರಾಗಿ ಏರಿದಷ್ಟೂ ಒಲೆಯ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ಜ್ವಾಲೆ ಇಳಿಯುವ ಪ್ರತಿ ಅಡಿಗೆ ಮೂರಡಿ ಚಿಮಣಿ, ಅಡ್ಡಕ್ಕೆ ಸಾಗುವ ಪ್ರತಿ ಮೂರಡಿಗೆ ಇನ್ನೊಂದಡಿ ಎಂಬುದು ಕಸುಬಿನವರ ಲೆಕ್ಕ. ಒಳಕೋಣೆ ಮೂರಡಿ ಎತ್ತರ, ಅಡ್ಡದಾರಿ ಮೂರಡಿ ಆದರೆ ಹತ್ತಡಿ ಚಿಮಣಿ.

ಕರಾವಳಿಯಲ್ಲಿ ಬೆಂಕಿಗಿಂತ ದೊಡ್ಡ ಚಿಂತೆ ನೆಲದ ತೇವ. ಒಂದು ಲೀಟರ್ ತಣ್ಣೀರನ್ನು ಕುದಿಸಲು ಎಷ್ಟು ಶಾಖ ಬೇಕೋ ಅದರ ಸುಮಾರು ಏಳು ಪಟ್ಟು ಅದನ್ನು ಪೂರ್ತಿ ಆವಿ ಮಾಡಲು ಬೇಕು. ಅಡಿಪಾಯ ತೇವ ಹೀರಿಕೊಂಡಿದ್ದರೆ ಸೌದೆಯೆಲ್ಲ ಮಡಕೆಗಲ್ಲ, ಮಳೆನೀರಿಗೆ! ಹಾಗಾಗಿ ಕಾಂಕ್ರೀಟ್ ಹಾಸಿನ ಮೇಲೆ ಟೊಳ್ಳು ಬ್ಲಾಕುಗಳನ್ನು ಮಲಗಿಸಿ, ತೂತುಗಳಲ್ಲಿ ಗಾಳಿಯಾಡುವಂತೆ ಬಿಟ್ಟು, ಅದರ ಮೇಲೆ ಆವಿಗೆಯ ನೆಲ ಹಾಸಿಸಿದೆ.

ಗೋಡೆ ಎರಡು ಪದರ. ಒಳಗೆ ಫೈರ್ ಬ್ರಿಕ್, ಹೊರಗೆ ಮಾಮೂಲಿ ಸುಟ್ಟ ಇಟ್ಟಿಗೆ, ನಡುವೆ ಭತ್ತದ ಉಮಿಯ ಬೂದಿ. ಬೂದಿ ಕಾವನ್ನು ಹೊರಹೋಗಲು ಬಿಡುವುದಿಲ್ಲ, ದುಡ್ಡೂ ಕೇಳುವುದಿಲ್ಲ. ಫೈರ್ ಬ್ರಿಕ್ ಕೊಳ್ಳುವಾಗ ಅಂಗಡಿಯವರು ಐಎಸ್-6 ಬೇಕೋ ಐಎಸ್-8 ಬೇಕೋ ಎನ್ನುತ್ತಾರೆ. ಎರಡನೆಯದು ಹೆಚ್ಚು ಕಾವಿಗೆ. ಸಾವಿರ ಡಿಗ್ರಿಯೊಳಗೆ ಬೇಯುವ ಕೆಂಪು ಮಣ್ಣಿಗೆ ಮೊದಲನೆಯದೇ ಧಾರಾಳ.

ಮನೆ ಕಟ್ಟಿ ಪಳಗಿದ ಮೇಸ್ತ್ರಿಗೆ ಒಪ್ಪಿಗೆಯಾಗದ್ದು ಗಾರೆ. “ಅಕ್ಕಾ, ಒಂದು ಬಾಂಡ್ಲಿ ಸಿಮೆಂಟ್ ಬೆರೆಸುವ. ಇಲ್ಲದಿದ್ದರೆ ನಾಳೆ ಜನ ನನಗೆ ಬೈತಾರೆ” ಎಂದರು. ಐನೂರು ಡಿಗ್ರಿ ದಾಟುವ ಹೊತ್ತಿಗೆ ಸಿಮೆಂಟಿನ ಕಸುವು ಹೋಗುತ್ತದೆ, ಆಮೇಲೆ ಪುಡಿಯಾಗಿ ಉದುರುತ್ತದೆ. ಅದರ ಬದಲು ಫೈರ್ ಕ್ಲೇಗೆ ಸಣ್ಣ ಮರಳು ಬೆರೆಸಿ ಮಜ್ಜಿಗೆಯ ಹದಕ್ಕೆ ಕಲಸಿದೆವು. ಇಟ್ಟಿಗೆಯನ್ನು ಅದರಲ್ಲಿ ಅದ್ದಿ, ಇಟ್ಟು, ಮರದ ಸುತ್ತಿಗೆಯಿಂದ ಎರಡು ತಟ್ಟು. ಸಂದು ಕಾಗದದಷ್ಟು ತೆಳ್ಳಗಿದ್ದರೆ ಸಾಕು. ಈ ಗಾರೆ ಅಂಟಲಿಕ್ಕಲ್ಲ, ಏರುತಗ್ಗು ಸರಿಮಾಡಲಿಕ್ಕೆ. ಮುಂದೆಂದಾದರೂ ಬಿಚ್ಚಿದರೆ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ.

ಕಮಾನಿಗೆ ಮಾತ್ರ ನಾನು ಬಾಯಿ ಹಾಕಲಿಲ್ಲ. ಮೇಸ್ತ್ರಿ ಮರದ ಅಚ್ಚು ನಿಲ್ಲಿಸಿ ಎರಡೂ ಬದಿಯಿಂದ ಕಟ್ಟುತ್ತ ಬಂದು, ನೆತ್ತಿಯಲ್ಲಿ ಕೀಲಿಕಲ್ಲು ಹೊಡೆದರು. ಕಮಾನು ಪಕ್ಕದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಅದಕ್ಕೇ ನಾಲ್ಕು ಮೂಲೆಗೆ ಕಬ್ಬಿಣದ ಆ್ಯಂಗಲ್ ನಿಲ್ಲಿಸಿ, ಸರಳು ಹಾಯಿಸಿ, ನಟ್ಟು ಬಿಗಿದ ಮೇಲೆಯೇ ಅಚ್ಚು ತೆಗೆಯಬೇಕು.

ಮೊದಲ ಬೆಂಕಿ ಖಾಲಿ ಆವಿಗೆಗೆ, ಅದೂ ಅಡಿಕೆ ಸೋಗೆಯ ಸಣ್ಣ ಉರಿ. ಚಿಮಣಿಯ ಬಾಯಲ್ಲಿ ಹಿಡಿದ ಕನ್ನಡಿ ಮಂಜಾಗುವುದು ನಿಲ್ಲುವವರೆಗೆ ದೊಡ್ಡ ಸೌದೆ ಮುಟ್ಟಬಾರದು. ಆಮೇಲೆ ಕಾವು ಏರಿದಂತೆ ಹೊರಗೋಡೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತವೆ. ಮೇಸ್ತ್ರಿ ಅದನ್ನು ನೋಡಿ ಮುಖ ಸಣ್ಣ ಮಾಡಿಕೊಂಡರು. ಇಟ್ಟಿಗೆ ಕಾದಾಗ ಹಿಗ್ಗುತ್ತದೆ, ಅದಕ್ಕೂ ಜಾಗ ಬೇಕಲ್ಲ. ಆರಿದ ಮೇಲೆ ಬಹುಪಾಲು ತಾವಾಗಿ ಕೂಡಿಕೊಂಡವು. ಉಳಿದವಕ್ಕೆ ಅವರೇ ಒದ್ದೆ ಮಣ್ಣು ಸವರಿದರು, ಸಿಮೆಂಟಿನ ಮಾತು ಎತ್ತಲಿಲ್ಲ.