ಎಣ್ಣೆಗೆಂಪು ಮೈಗೆ ಬೇಸಿಗೆಯ ಬಟ್ಟೆ

ಸಹೋದರಿಯರೇ, ಈದ್‌ಗೆ ಹತ್ತು ಹದಿನೈದು ದಿನ ಇರುವಾಗ ಚಾಮರಾಜನಗರದ ಯಾವುದಾದರೂ ಬಟ್ಟೆ ಅಂಗಡಿಯಲ್ಲಿ ಒಂದು ಗಳಿಗೆ ಸುಮ್ಮನೆ ಕುಳಿತು ನೋಡಿ. ಉಮ್ಮತ್ತೂರಿನಿಂದಲೋ ಸಂತೇಮರಹಳ್ಳಿ ಕಡೆಯಿಂದಲೋ ಬಸ್ಸು ಹತ್ತಿ ಬಂದ ತಾಯಿ, ಹದಿನೇಳು ಹದಿನೆಂಟರ ಮಗಳು, ಜೊತೆಗೊಬ್ಬರು ಖಾಲಾ. ಮಗಳ ಕೈ ಮೊದಲು ಹೋಗುವುದು ಸಾಸಿವೆ ಹಳದಿಯ ಕಡೆಗೆ. "ಅದು ಬೇಡಮ್ಮ, ಇನ್ನೂ ಕಪ್ಪಗೆ ಕಾಣ್ತೀಯ" ಎಂದು ಖಾಲಾ ಅದನ್ನು ಪಕ್ಕಕ್ಕೆ ಸರಿಸುತ್ತಾರೆ. ಅರ್ಧ ಗಂಟೆಯ ನಂತರ ಚೀಲಕ್ಕೆ ಬೀಳುವುದು ಪೌಡರ್ ಬಳಿದಂತಿರುವ ತಿಳಿ ಗುಲಾಬಿ. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಒಂದು ಫ್ಯಾನ್ಸಿ ಸ್ಟೋರ್. ಅಲ್ಲಿ ಯಾರೂ ಹೆಸರು ಕೇಳಿರದ ಒಂದು ಕ್ರೀಮಿನ ಡಬ್ಬಿ. ಬಟ್ಟೆ ಬೆಳ್ಳಗೆ ತೋರಿಸಬೇಕು, ಕ್ರೀಮು ಬೆಳ್ಳಗೆ ಮಾಡಬೇಕು!

ಈ ಲೇಖನ ಆ ಎರಡೂ ಖರೀದಿಗಳ ಬಗ್ಗೆ. ಮೊದಲನೆಯದು ತಪ್ಪಾದರೆ ಸಾವಿರ ರೂಪಾಯಿ ಹೋಗುತ್ತದೆ. ಎರಡನೆಯದು ತಪ್ಪಾದರೆ ಕಿಡ್ನಿಗೇ ಅಪಾಯ.

ನಮ್ಮ ಕನ್ನಡದಲ್ಲಿ ಮೈಬಣ್ಣಕ್ಕೆ ಎಷ್ಟು ಚೆಂದದ ಹೆಸರುಗಳಿವೆ ನೋಡಿ: ಎಣ್ಣೆಗೆಂಪು, ಸಾದಗಪ್ಪು, ಗೋದಿ ಬಣ್ಣ. ಮನೆಯಲ್ಲಿ ದಖನಿ ಮಾತಾಡುವವರು ಸಾವ್ಲಿ ಎನ್ನುತ್ತಾರೆ. ಹೆಸರಿನಲ್ಲಿ ಕೀಳು ಏನೂ ಇಲ್ಲ, ಹೇಳುವ ದನಿಯಲ್ಲಿ ಇದೆ. ಹೆಣ್ಣು ನೋಡಲು ಬಂದವರು "ಹುಡುಗಿ ಒಳ್ಳೆಯವಳೇ, ಆದರೆ ಸ್ವಲ್ಪ..." ಎಂದು ಮಾತು ನುಂಗುವಾಗ ಆ ದನಿ ಕೇಳುತ್ತದೆ. ಭಾಷೆಗಳೂ ಮೈಬಣ್ಣಗಳೂ ಬೇರೆ ಬೇರೆಯಾಗಿರುವುದು ಅಲ್ಲಾಹನ ನಿದರ್ಶನಗಳಲ್ಲೊಂದು ಎಂದು ಸೂರಾ ರೂಮ್‌ನಲ್ಲಿ ಓದುವವರು ನಾವೇ. ನಿಕಾಹ್ ಮಾತುಕತೆಯ ಹೊತ್ತಿಗೆ ಅದನ್ನು ಮರೆಯುವವರೂ ನಾವೇ.

ಚರ್ಮದ ಬಣ್ಣ ಬರುವುದು ಮೆಲನಿನ್ ಎಂಬ ವರ್ಣದ್ರವ್ಯದಿಂದ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಒಳಗಿನ ಜೀವಕೋಶಗಳನ್ನು ಕಾಯುವುದೇ ಅದರ ಕೆಲಸ. ಮಾರ್ಚ್, ಏಪ್ರಿಲ್‌ನಲ್ಲಿ ಹೊಲಕ್ಕೆ, ಕಾಲೇಜಿಗೆ ಓಡಾಡಿದವರ ಮುಖ, ಮುಂಗೈ ಇನ್ನಷ್ಟು ಕಪ್ಪಾಗುವುದು ಕಾಯಿಲೆಯಲ್ಲ, ಕೊಳೆಯೂ ಅಲ್ಲ. ಕಾವಲುಗಾರ ಹೆಚ್ಚು ಹೊತ್ತು ಕೆಲಸ ಮಾಡುತ್ತಿದ್ದಾನೆ, ಅಷ್ಟೇ. ಉಜ್ಜಿದರೆ ಅದು ಹೋಗುವುದಿಲ್ಲ. ಬಿಸಿಲು ತಪ್ಪಿಸಿದರೆ, ಚರ್ಮ ಹೊಸದಾಗುತ್ತಾ ಬಂದ ಹಾಗೆ, ಕೆಲವು ವಾರಗಳಲ್ಲಿ ತಾನೇ ತಿಳಿಯಾಗುತ್ತದೆ.

ಈಗ ಖಾಲಾ ಅವರ ಲೆಕ್ಕಕ್ಕೆ ಬರೋಣ. ತಿಳಿ ಬಣ್ಣ ಹಾಕಿದರೆ ಬೆಳ್ಳಗೆ ಕಾಣುತ್ತೇವೆ ಎಂಬ ನಂಬಿಕೆ ಸರಿಯೇ? ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಹಿಡಿದಿಲ್ಲ ಎಂದು ದೂರು ಬಂತು. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ಬೇರೆ ಬಣ್ಣಗಳು ಆ ಕಪ್ಪನ್ನು ಮಂಕಾಗಿ ತೋರಿಸುತ್ತಿದ್ದವು. 1839ರಲ್ಲಿ ಆತ ಇದನ್ನೇ ದೊಡ್ಡ ಪುಸ್ತಕವಾಗಿ ಬರೆದ. ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ, ಪಕ್ಕದ ಬಣ್ಣಕ್ಕೆ ಹೋಲಿಸಿಯೇ ನೋಡುತ್ತದೆ. ಹಾಗಾಗಿ ಪೇಲವ ಗುಲಾಬಿಯ ಪಕ್ಕದಲ್ಲಿ ಎಣ್ಣೆಗೆಂಪು ಮುಖ ಬೆಳ್ಳಗಾಗುವುದಿಲ್ಲ, ಇನ್ನೂ ಕಪ್ಪಗೆ ಕಾಣುತ್ತದೆ. ಖಾಲಾ ಹೆದರಿದ್ದು ಯಾವುದಕ್ಕೋ, ಮನೆಗೆ ತಂದದ್ದು ಅದನ್ನೇ.

ಹಾಗೆಂದು ಬಿಳಿ ಹಾಕಬಾರದೇ? ಖಂಡಿತ ಹಾಕಿ. ಬಿಳಿ ಉಡುಪನ್ನು ಪ್ರವಾದಿಯವರು(ಸ) ಮೆಚ್ಚಿ ಹೇಳಿದ್ದಾರೆ, ಬೇಸಿಗೆಗೂ ಅದು ತಂಪು. ಬಿಳಿಯ ಪಕ್ಕ ಮುಖ ಒಂದು ಛಾಯೆ ಗಾಢವಾಗಿ ಕಾಣುವುದು ನಿಜ. ಆದರೆ ಗಾಢವಾಗಿ ಕಾಣುವುದು ಬೇರೆ, ಮಂಕಾಗಿ ಕಾಣುವುದು ಬೇರೆ. ಬಿಳಿಯ ಎದುರು ಕಂದು ಮುಖ ಸ್ಪಷ್ಟವಾಗಿ, ಕಳೆಯಾಗಿ ಎದ್ದು ಕಾಣುತ್ತದೆ. ಮಂಕು ಮಾಡುವುದು ಬೂದಿ ಬೆರೆತಂತಿರುವ ಬಣ್ಣಗಳು: ಖಾಕಿ, ಇಲಿ ಬಣ್ಣ, ಮಣ್ಣುಬೂದು, ನಮ್ಮ ಚರ್ಮಕ್ಕೆ ತೀರಾ ಹತ್ತಿರವಾದ ಬಿಸ್ಕತ್ತು ಬಣ್ಣ. ಇವುಗಳಲ್ಲಿ ಮುಖವೂ ಬಟ್ಟೆಯೂ ಒಂದರೊಳಗೊಂದು ಕಲಸಿಹೋಗಿ, ಎರಡು ದಿನ ಜ್ವರ ಬಂದೆದ್ದವರ ಹಾಗೆ ಕಾಣುತ್ತೇವೆ. ನೀಲಿ ಹೊಳಪಿನ ಅಚ್ಚ ಬಿಳಿಗಿಂತ ಕೆನೆ ಬಿಳಿ ನಮ್ಮಲ್ಲಿ ಬಹಳ ಜನಕ್ಕೆ ಹೆಚ್ಚು ಒಪ್ಪುತ್ತದೆ. ಗಂಡಸರ ಜುಬ್ಬಾಕ್ಕೂ ಇದೇ ಮಾತು. ಎಷ್ಟು ನೀಲ ಹಾಕಬೇಕು ಎಂಬುದನ್ನು ಇನ್ನೊಮ್ಮೆ ಯೋಚಿಸಿ!

ನಮಗೆ ಹೊಂದುವ ಬಣ್ಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಮುಂಗಾರಿನಲ್ಲಿ ಗುಂಡ್ಲುಪೇಟೆ ಕಡೆ ಹೋದವರು ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳನ್ನು ನೋಡಿಯೇ ಇರುತ್ತೀರಿ. ಫೋಟೋ ತೆಗೆಯಲು ಕೇರಳದಿಂದೆಲ್ಲ ಕಾರು ನಿಲ್ಲಿಸಿಕೊಂಡು ನಿಂತಿರುತ್ತಾರೆ. ಮುಂದಿನ ಸಲ ಹೂವನ್ನು ಬಿಟ್ಟು ಹೂ ಬಿಡಿಸುವ ಹೆಂಗಸರ ಮುಖ ನೋಡಿ. ಆ ಕಿತ್ತಳೆ ಹಳದಿಯ ನಡುವೆ ಬಿಸಿಲುಂಡ ಮೈ ಹೇಗೆ ಹೊಳೆಯುತ್ತದೆ! ಸಾಸಿವೆ, ಅರಿಸಿನ, ಕನಕಾಂಬರ, ಇಟ್ಟಿಗೆ ಕೆಂಪು, ಈರುಳ್ಳಿ ಸಿಪ್ಪೆಯ ಬಣ್ಣ, ಇವೆಲ್ಲ ನಮ್ಮ ಚರ್ಮದೊಳಗಿನ ಹಳದಿ ಕೆಂಪಿನ ನಂಟರು. ತಂಪು ಬಣ್ಣ ಬೇಕೆಂದರೆ ನವಿಲುನೀಲಿ, ಎಲೆಹಸಿರು, ನೇರಳೆ, ಬದನೆಕಾಯಿ ಬಣ್ಣ. ಕಣ್ಣು ಕುಕ್ಕುವ ನಿಂಬೆಹಸಿರು ಮಾತ್ರ ಮುಖದ ಹತ್ತಿರ ಬೇಡ. ಬಿಸಿಲಿನಲ್ಲಿ ಅದರ ಬೆಳಕು ಗದ್ದದ ಕೆಳಗೆ ಪ್ರತಿಫಲಿಸಿ ಮುಖಕ್ಕೆ ಹಸಿರು ಛಾಯೆ ಬರುತ್ತದೆ.

ಆದರೆ ಗಾಢ ಬಣ್ಣ ಬಿಸಿಲಿನ ಶಾಖವನ್ನು ಹೆಚ್ಚು ಹೀರುತ್ತದಲ್ಲ ಎಂದು ಕೇಳುತ್ತೀರಿ. ಸರಿಯಾದ ಪ್ರಶ್ನೆ. ರಂಜಾನ್ ಹಬ್ಬವೇ ಈಚೆಗೆ ಬೇಸಿಗೆಯಲ್ಲಿ ಬಂದಿದೆ: 2023ರಲ್ಲಿ ಏಪ್ರಿಲ್ 22, 2024ರಲ್ಲಿ ಏಪ್ರಿಲ್ 11, 2025ರಲ್ಲಿ ಮಾರ್ಚ್ 31. ಇದಕ್ಕೆ ನಮ್ಮ ಉಡುಪಿನಲ್ಲೇ ಉತ್ತರವಿದೆ. ಮುಖದ ಕಳೆಯನ್ನು ತೀರ್ಮಾನಿಸುವುದು ಮುಖಕ್ಕೆ ತಾಗಿಕೊಂಡಿರುವ ಬಟ್ಟೆ, ಅಂದರೆ ದುಪಟ್ಟಾ, ಸ್ಕಾರ್ಫ್. ಕಮೀಜ್, ಸಲ್ವಾರ್ ಕೆನೆ ಬಿಳಿಯಲ್ಲೋ ತಿಳಿ ಬಣ್ಣದಲ್ಲೋ ಇರಲಿ, ತಂಪಾಗಿರುತ್ತದೆ. ತಲೆಯ ಮೇಲಿನ ಎರಡು ಮೀಟರ್ ತೆಳು ಹತ್ತಿ ನವಿಲುನೀಲಿಯೋ ಇಟ್ಟಿಗೆ ಕೆಂಪೋ ಆಗಿರಲಿ. ಅದೇ ಹಳೆಯ ಜೊತೆ ಬಟ್ಟೆಗೆ ಮೂರು ಬಣ್ಣದ ದುಪಟ್ಟಾ ಇಟ್ಟುಕೊಂಡರೆ ಖರ್ಚೂ ಕಡಿಮೆ. ಬೆವರಿನ ಕಲೆ ಕಾಣಬಾರದೆಂದರೆ ಬೂದು ಮತ್ತು ಆಕಾಶನೀಲಿ ಬಿಡಿ. ಸಣ್ಣ ಹೂವಿನ ಪ್ರಿಂಟು ಆ ಕಲೆಯನ್ನು ಚೆನ್ನಾಗಿ ಮುಚ್ಚುತ್ತದೆ.

ಬಿಳಿಯ ಬಗ್ಗೆ ಒಂದು ಎಚ್ಚರ. ತೆಳುವಾದ ಬಿಳಿ ಹತ್ತಿ ತಂಪು ಕೊಟ್ಟರೂ ಅತಿನೇರಳೆ ಕಿರಣಗಳನ್ನು ಅಷ್ಟಾಗಿ ತಡೆಯುವುದಿಲ್ಲ, ಬೆವರಿಗೆ ಒದ್ದೆಯಾದರೆ ಇನ್ನೂ ಕಡಿಮೆ. ಅದೇ ನೇಯ್ಗೆಗೆ ಬಣ್ಣ ಹಾಕಿದರೆ ತಡೆ ಹೆಚ್ಚುತ್ತದೆ. ಬ್ಲೀಚ್ ಮಾಡದ ಹತ್ತಿಯಲ್ಲೂ ಅದರ ಸಹಜ ಬಣ್ಣವೇ ಕಿರಣಗಳನ್ನು ಸ್ವಲ್ಪ ಹೀರುತ್ತದೆ. ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿನ ಬದನವಾಳು, ಗಾಂಧೀಜಿ ಬಂದುಹೋದ ಊರು, ಖಾದಿಗೆ ಹೆಸರಾದದ್ದು. ಬ್ಲೀಚ್ ಮಾಡದ ಖಾದಿಯ ಆ ಕೆನೆ ಬಣ್ಣವೇ ಎಣ್ಣೆಗೆಂಪು ಮೈಗೆ ಹೊಂದುವುದು ಎಂಬುದು ಒಳ್ಳೆಯ ಕಾಕತಾಳೀಯ.

ಇನ್ನು ಕಪ್ಪು ಬುರ್ಖಾ. "ಬೇಸಿಗೆಯಲ್ಲಿ ಹೇಗಮ್ಮಾ ತಡ್ಕೋತೀರಿ" ಎಂದು ಬಸ್ಸಿನಲ್ಲಿ ಕೇಳುವವರಿಗೆ ಹೇಳಬಹುದಾದ ಒಂದು ಸಂಗತಿ ಇದೆ. ಮರುಭೂಮಿಯ ಬದುಯಿ ಜನ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ ಎಂದು ವಿಜ್ಞಾನಿಗಳು ಪರೀಕ್ಷಿಸಿ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಸುಡುಬಿಸಿಲಿನಲ್ಲಿ ಕಪ್ಪು ನಿಲುವಂಗಿಯ ಹೊರಮೈ ಬಿಳಿಯದಕ್ಕಿಂತ ಹೆಚ್ಚು ಕಾಯುತ್ತಿತ್ತು. ಆದರೆ ಆ ಹೆಚ್ಚಿನ ಶಾಖ ಚರ್ಮದವರೆಗೆ ಬರುತ್ತಿರಲಿಲ್ಲ. ಮೈಗೆ ತಟ್ಟುತ್ತಿದ್ದ ಶಾಖ ಎರಡರಲ್ಲೂ ಒಂದೇ. ಗುಟ್ಟು ಇರುವುದು ಸಡಿಲದಲ್ಲಿ. ಅಗಲವಾದ ನಿಲುವಂಗಿಯ ಒಳಗೆ ಗಾಳಿಯಾಡಿ ಬಿಸಿ ಹೊರಗೆ ಹೋಗುತ್ತದೆ. ಹಾಗಾಗಿ ಮೈಗೆ ಅಂಟಿದ ಕಪ್ಪು ಪಾಲಿಯೆಸ್ಟರ್ ಬುರ್ಖಾ, ಅದರ ಕೆಳಗೆ ಬಿಗಿ ಲೆಗ್ಗಿಂಗ್ಸ್, ಅದರ ಮೇಲೆ ಟೈಟ್ ಟಾಪ್ ಹಾಕಿಕೊಂಡವರು ಈ ಸಂಶೋಧನೆಯನ್ನು ನಂಬಿಕೊಂಡು ಬಿಸಿಲಿಗೆ ಹೋಗಬಾರದು. ಬೆವರುಸಾಲೆ, ಗಜಕರ್ಣ ಎರಡೂ ಅಲ್ಲಿಂದಲೇ ಶುರು. ಒಳಗೆ ಸಡಿಲ ಹತ್ತಿ, ಹೊರಗೆ ಗಾಳಿಯಾಡುವ ಬಟ್ಟೆ, ಮನೆಗೆ ಬಂದ ಕೂಡಲೇ ಬದಲಾಯಿಸುವುದು, ಇಷ್ಟು ಸಾಕು. ಬುರ್ಖಾ ಕಪ್ಪೇ ಆಗಿರಬೇಕೆಂದೂ ಇಲ್ಲ. ಕಾಫಿಬೀಜದ ಬಣ್ಣ, ಗಾಢ ನೀಲಿ, ಆಲಿವ್ ಹಸಿರು ಈಗ ಎಲ್ಲ ಕಡೆ ಸಿಗುತ್ತವೆ.

ಗಾಢ ನೀಲಿ, ಕಪ್ಪು ಬಣ್ಣದ ಸಿಂಥೆಟಿಕ್ ಬಟ್ಟೆಗೆ ಹಾಕುವ ಕೆಲವು ಬಣ್ಣಗಳು ಬೆವರಿನ ಜೊತೆ ಬಿಟ್ಟುಕೊಂಡು ಕುತ್ತಿಗೆ, ಕಂಕುಳ ಅಂಚು, ಮೊಣಕೈ ಮಡಿಕೆಯಲ್ಲಿ ತುರಿಕೆ ತರುತ್ತವೆ. ಹೊಸ ಬಟ್ಟೆಯನ್ನು ಒಮ್ಮೆ ಒಗೆದೇ ಹಾಕಿ, ಅದು ಈದ್ ಬಟ್ಟೆಯಾದರೂ ಸರಿ.

ಖರೀದಿಯ ಹೊತ್ತಿಗೆ ಒಂದು ಕೆಲಸ ಮಾಡಿ. ಅಂಗಡಿಯ ದೀಪದಡಿ ಬಣ್ಣ ನಂಬಬೇಡಿ. ಅಲ್ಲಿ ಕಡುಗೆಂಪಾಗಿ ಕಂಡದ್ದು ಮನೆಯಂಗಳದಲ್ಲಿ ಕಂದು ಆಗಿರುತ್ತದೆ. ಬಟ್ಟೆಯನ್ನು ಬಾಗಿಲ ಬೆಳಕಿಗೆ ತಂದು ಗದ್ದದ ಕೆಳಗೆ ಹಿಡಿದು ಕನ್ನಡಿ ನೋಡಿ. ಕಣ್ಣು ಮೊದಲು ಮುಖಕ್ಕೆ ಹೋದರೆ ಆ ಬಣ್ಣ ನಿಮ್ಮದು. ಬಟ್ಟೆಗೇ ಹೋದರೆ ಮಡಚಿ ಕೊಟ್ಟುಬಿಡಿ. ಮಣಿಕಟ್ಟಿನ ನರ ಹಸಿರೋ ನೀಲಿಯೋ ನೋಡಿ ಬಣ್ಣ ಆರಿಸಿ ಎಂಬ ಸಲಹೆ ಬಹಳ ಓಡಾಡುತ್ತಿದೆ. ನಮ್ಮಲ್ಲಿ ಎಷ್ಟೋ ಜನರಿಗೆ ನರವೇ ಸರಿಯಾಗಿ ಕಾಣುವುದಿಲ್ಲ, ಆ ಸಲಹೆ ನಮಗಾಗಿ ಬರೆದದ್ದಲ್ಲ.

ಈಗ ಆ ಕ್ರೀಮಿನ ಡಬ್ಬಿಗೆ ಬರೋಣ. ನಮಗೆ ಹತ್ತಿರದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಕಿಡ್ನಿ ವೈದ್ಯರು ಒಂದು ವಿಚಿತ್ರ ಗಮನಿಸಿದರು. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳು ಬಂದಿದ್ದರು. ಅವರಲ್ಲಿ 15 ಮಂದಿಯದು ಅಪರೂಪದ ವಿಧ. ಆ 15ರಲ್ಲಿ 13 ಮಂದಿ ಕಾಯಿಲೆಗೆ ಮೊದಲು ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಕಾರಣ ಪಾದರಸ. ಮೆಲನಿನ್ ತಯಾರಾಗುವುದನ್ನು ಪಾದರಸ ತಡೆಯುತ್ತದೆ, ಹಾಗಾಗಿ ಮುಖ ಬೇಗ ಬೆಳ್ಳಗಾಗುವುದು ನಿಜ. ಅದೇ ಪಾದರಸ ಚರ್ಮದ ಮೂಲಕ ರಕ್ತ ಸೇರಿ ಕಿಡ್ನಿಯಲ್ಲಿ ಕೂರುತ್ತದೆ. ತಾಯಿಯ ಕೆನ್ನೆಗೆ ಕೆನ್ನೆ ತಾಗಿಸಿ ಮಲಗುವ ಮಗುವಿಗೂ ಅದು ತಗಲುತ್ತದೆ. ಕ್ರೀಮ್ ನಿಲ್ಲಿಸಿದ ಮೇಲೆ ಆ ರೋಗಿಗಳಲ್ಲಿ ಹೆಚ್ಚಿನವರು ಸುಧಾರಿಸಿಕೊಂಡರು, ಅಲ್‌ಹಮ್ದುಲಿಲ್ಲಾಹ್.

ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಂಥ ಕ್ರೀಮಿನಲ್ಲಿ ಪಾದರಸ ಅಕಸ್ಮಾತ್ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ. ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗೇನಿದೆ ಎಂಬ ಪಟ್ಟಿ ಇಲ್ಲದ ಡಬ್ಬಿಯನ್ನು ಮುಟ್ಟಬೇಡಿ, ಗಲ್ಫ್‌ನಿಂದ ನೆಂಟರು ಪ್ರೀತಿಯಿಂದ ತಂದುಕೊಟ್ಟದ್ದಾದರೂ. ಕ್ಯಾಲೊಮೆಲ್, ಮರ್ಕ್ಯುರಿಕ್, ಮರ್ಕ್ಯುರಸ್ ಎಂಬ ಪದ ಕಂಡರೆ ಅದು ಪಾದರಸವೇ. ಚಿನ್ನ, ಬೆಳ್ಳಿ ಒಡವೆಗೆ ತಾಗಿಸಬೇಡಿ ಎಂದು ಬರೆದಿದ್ದರೂ ಅದೇ ಅನುಮಾನ ಪಡಿ. ಒಡವೆಗೆ ಆಗದ್ದು ಕೆನ್ನೆಗೆ ಹೇಗೆ ಆದೀತು? ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಸ್ಟಿರಾಯ್ಡ್ ಟ್ಯೂಬ್‌ಗಳ ಕಥೆ ಬೇರೆ. ಮೊದಲ ತಿಂಗಳು ಹೊಳಪು, ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಬಿಸಿಲಿಗೆ ಹೋದರೆ ಉರಿ.

ಈಗಾಗಲೇ ಹಚ್ಚುತ್ತಿದ್ದ ಮಗಳು ಮನೆಯಲ್ಲಿದ್ದರೆ ಬೈಯಬೇಡಿ, ಬೈದರೆ ಡಬ್ಬಿ ಬಚ್ಚಿಡುತ್ತಾಳೆ. ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿದೆಯೇ, ಸಂಜೆ ಪಾದ ಊದುತ್ತದೆಯೇ, ಮೂತ್ರದಲ್ಲಿ ನೊರೆ ಹೆಚ್ಚಾಗಿ ನಿಲ್ಲುತ್ತದೆಯೇ ಎಂದು ಮೆಲ್ಲಗೆ ಕೇಳಿ. ಒಂದಕ್ಕೆ ಹೌದು ಎಂದರೂ ಕ್ರೀಮ್ ಅಂದೇ ನಿಲ್ಲಿಸಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೂತ್ರದ ಪ್ರೋಟೀನ್ ಪರೀಕ್ಷೆ ಸುಲಭದ್ದು, ಹೆಚ್ಚು ಖರ್ಚಿನದ್ದಲ್ಲ. ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ಒಯ್ದು ವೈದ್ಯರ ಮೇಜಿನ ಮೇಲೆ ಇಡಿ. ಬರುವಾಗ ಸಮಯವಿದ್ದರೆ ಆ ಬಟ್ಟೆ ಅಂಗಡಿಗೆ ಇನ್ನೊಮ್ಮೆ ಹೋಗಿ, ಸಾಸಿವೆ ಹಳದಿ ಇನ್ನೂ ಅಲ್ಲೇ ಇದೆಯೇ ಕೇಳಿ.